ವೇಷ ಕಟ್ಟಿದವರ ಕಡೆಯಿಂದ: ಮಂಗಳೂರು ಸೀಮೆಯ ರಂಗ ಸಂಶೋಧನೆ

ಜನರ ಮುಂದೆ ನಡೆಯುವ ಪ್ರದರ್ಶನವನ್ನು ಅದು ನಡೆಯುವ ಜಾಗದಲ್ಲೇ ಕೂತು ಅರಿತುಕೊಳ್ಳುವ ವಿದ್ಯೆಗೆ ಪ್ರದರ್ಶನ ಅಧ್ಯಯನ ಎಂದು ಹೆಸರು. ನಾಟಕದ ಪುಸ್ತಕ ಓದಿ ವಿಮರ್ಶೆ ಬರೆಯುವ ಕೆಲಸಕ್ಕಿಂತ ಇದು ಬೇರೆ. ಪುಸ್ತಕದಲ್ಲಿ ಮಾತು ಮಾತ್ರ ಸಿಗುತ್ತದೆ. ಆಡುವವನು ಯಾರ ಮನೆಯವನು, ಆಡಿಸುವವರು ಯಾರು, ಖರ್ಚು ಯಾರ ತಲೆ ಮೇಲೆ, ಮುಂದಿನ ಸಾಲಿನಲ್ಲಿ ಕೂತವರು ಯಾರು, ಹಿಂದೆ ನಿಂತವರು ಯಾಕೆ ನಿಂತೇ ಇದ್ದಾರೆ ಎಂಬುದನ್ನೆಲ್ಲ ಗದ್ದೆಯಲ್ಲಿ, ಗುಡಿಯಂಗಳದಲ್ಲಿ ನೋಡಿಯೇ ತಿಳಿಯಬೇಕು. ಅಮೆರಿಕದ ರಂಗನಿರ್ದೇಶಕ ರಿಚರ್ಡ್ ಶೆಕ್ನರ್ ಮತ್ತು ಮಾನವಶಾಸ್ತ್ರಜ್ಞ ವಿಕ್ಟರ್ ಟರ್ನರ್ 20ನೇ ಶತಮಾನದ ಕೊನೆಯ ದಶಕಗಳಲ್ಲಿ ಇದಕ್ಕೊಂದು ಶಾಸ್ತ್ರದ ಚೌಕಟ್ಟು ಕಟ್ಟಿದರು. ಕಾಶಿಯ ಎದುರಿನ ರಾಮನಗರದ ರಾಮಲೀಲೆ ಶೆಕ್ನರ್ ಅವರ ಮುಖ್ಯ ಅಧ್ಯಯನಗಳಲ್ಲಿ ಒಂದು. ನಾಟಕ, ಪೂಜೆ, ಮೆರವಣಿಗೆ, ಆಟೋಟ ಇವೆಲ್ಲ ಒಂದೇ ಕುಟುಂಬದವು ಎಂಬ ನೋಟಕ್ಕೆ ಅಲ್ಲಿಂದ ಬಲ ಬಂತು.

ಮಂಗಳೂರು ಸೀಮೆಯವರಿಗೆ ಈ ಮಾತು ಹೊಸತೆನಿಸುವುದಿಲ್ಲ. ಇಲ್ಲಿ ಯಕ್ಷಗಾನಕ್ಕೆ ಆಟ ಎನ್ನುತ್ತಾರೆ, ತಾಳಮದ್ದಳೆಗೆ ಕೂಟ. ದೈವಕ್ಕೆ ನಡೆಯುವುದು ಕೋಲ, ನೇಮ. ಅದೇ ಪ್ರೇಕ್ಷಕರು ಮರುದಿನ ಪುರಭವನದಲ್ಲಿ ತುಳು ನಾಟಕ ನೋಡಿ ನಗುತ್ತಾರೆ, ದಸರೆಗೆ ಹುಲಿವೇಷದ ಹಿಂದೆ ಓಡುತ್ತಾರೆ. ಇಂಥ ಊರಿನಲ್ಲಿ ರಂಗದ ಬಗ್ಗೆ ಸಂಶೋಧನೆ ಮಾಡುವವರು ಜಾತಿ, ಜಮೀನು, ಹೆಣ್ಣಿನ ಬಾಳು, ಕೂಲಿ, ಕಾನೂನು ಇವುಗಳನ್ನು ಮುಟ್ಟದೆ ಒಂದು ಪುಟವನ್ನೂ ಬರೆಯಲಾರರು. ಸಾಮಾಜಿಕ ಪ್ರಶ್ನೆ ಇಲ್ಲಿ ಪ್ರದರ್ಶನದ ಒಳಗೇ ಇದೆ. ಆದರೂ ಸಂಶೋಧಕರ ಕಣ್ಣು ಅದರ ಮೇಲೆ ಬೀಳಲು ನೂರು ವರ್ಷ ಹಿಡಿಯಿತು.

ಮೊದಲು ಆದದ್ದು ಸಂಗ್ರಹದ ಕೆಲಸ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ತುಳು ಕಲಿತು, ಅಚ್ಚುಕೂಟ ಹಾಕಿ, ನಿಘಂಟು ಮಾಡಿದರು. ಅವರಲ್ಲೊಬ್ಬರಾದ ಆಗಸ್ಟ್ ಮೆನ್ನರ್ ದೈವಗಳ ಹುಟ್ಟು-ಪ್ರಸರಣ ಹೇಳುವ ಹಾಡುಗತೆಗಳಾದ ಪಾಡ್ದನಗಳನ್ನು ಬರೆಸಿಕೊಂಡು 1886ರಲ್ಲಿ ಪುಸ್ತಕವಾಗಿ ಹೊರತಂದರು. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ಎ.ಸಿ. ಬರ್ನೆಲ್ ಕೂಡಿಟ್ಟ ಸಾಮಗ್ರಿ ಅವರು ತೀರಿಕೊಂಡ ಮೇಲೆ, 1894ರಿಂದ, ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಕಂತುಕಂತಾಗಿ ಬಂತು. ಅದರ ತಲೆಬರಹದಲ್ಲೇ ದೈವಾರಾಧನೆಯನ್ನು ಪಿಶಾಚಿಪೂಜೆ ಎಂದು ಕರೆಯಲಾಗಿತ್ತು. ಅಭಿಪ್ರಾಯ ಏನೇ ಇರಲಿ, ಅವರು ಉಳಿಸಿದ ಪಾಠಗಳು ಇಂದಿಗೂ ಉಪಯೋಗಕ್ಕೆ ಬರುತ್ತಿವೆ. ಹಾಡಿದವರ ಬದುಕಿನ ಬಗ್ಗೆ ಮಾತ್ರ ಅವುಗಳಲ್ಲಿ ಸಿಗುವುದು ತೀರ ಕಡಿಮೆ.

ಯಕ್ಷಗಾನದ ಕಡೆಗೆ ಶಿವರಾಮ ಕಾರಂತರು ಬಂದರು. ‘ಯಕ್ಷಗಾನ ಬಯಲಾಟ’ ಕೃತಿಗೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. ಊರೂರು ಅಲೆದು, ತಾಳೆಗರಿ ನೋಡಿ, ಹಾಡು-ಕುಣಿತ-ವೇಷಗಳ ಲೆಕ್ಕ ಹಿಡಿದ ಆ ಪುಸ್ತಕದ ಮುಖ್ಯ ಕಾಳಜಿ ಕಲೆಯ ಅಂದಚಂದ. ಮುಂದೆ ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಜನಪದ ರಂಗಕಲೆಗಳ ಸಂಶೋಧನಾ ಕೇಂದ್ರವೊಂದನ್ನು ಕಟ್ಟಿದರು. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಆರಂಭವಾಯಿತು. ಕೊಣಾಜೆಯಲ್ಲಿರುವ ಅದರ ಕನ್ನಡ ವಿಭಾಗದ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ, ಕಾಲೇಜುಗಳಲ್ಲಿ ಪಾಠ ಹೇಳುತ್ತಲೇ ಜಾನಪದ ಕೆದಕಿದ ಅಮೃತ ಸೋಮೇಶ್ವರ ಮೊದಲಾದವರ ಕಾಲದಲ್ಲಿ ಪ್ರಶ್ನೆಯೇ ಬದಲಾಯಿತು. ಹಾಡಿನಲ್ಲಿ ಏನಿದೆ ಎಂಬುದರ ಜೊತೆಗೆ, ಹಾಡುವವರು ಯಾರು, ಅದರಿಂದ ಅವರಿಗೆ ಸಿಕ್ಕಿದ್ದೇನು ಎಂದೂ ಕೇಳತೊಡಗಿದರು.

ಈ ಪ್ರಶ್ನೆಯನ್ನು ಹಿಡಿದು ಒಂದು ನೇಮವನ್ನು ನೋಡಿದರೆ ಕಾಣುವುದೇ ಬೇರೆ. ದೈವ ಕಟ್ಟುವವರು ನಲಿಕೆ, ಪಂಬದ, ಪರವ ಸಮುದಾಯದವರು. ಸರ್ಕಾರದ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯವರು. ಸಂಜೆ ಅವರಿಗೆ ಎಣ್ಣೆಬೂಳ್ಯ, ಅಂದರೆ ಎಣ್ಣೆ-ವೀಳ್ಯ, ಕೊಡುವುದರಿಂದ ಕೆಲಸ ಶುರು. ಮಿಂದು ಬಂದು, ಮುಖಕ್ಕೆ ಅರದಾಳದ ಹಳದಿ ಬಳಿದುಕೊಳ್ಳುತ್ತಾರೆ. ಸೊಂಟಕ್ಕೆ ತೆಂಗಿನ ಎಳೆಗರಿಯ ಸಿರಿ. ಮನೆಯ ಹೆಂಗಸು ತೆಂಬರೆ ಎಂಬ ಚರ್ಮವಾದ್ಯ ಬಡಿಯುತ್ತ ಪಾಡ್ದನ ಹೇಳುತ್ತಾಳೆ. ಕಾಲಿಗೆ ಗಗ್ಗರದ ಕಡಗ ಬಿದ್ದು, ಬೆನ್ನಿಗೆ ಅಣಿಯ ಪ್ರಭಾವಳಿ ಏರಿದ ಮೇಲೆ ಅಂಗಳದಲ್ಲಿ ನಿಂತದ್ದು ದೈವ. ಗುತ್ತಿನ, ಅಂದರೆ ಊರಿನ ಜಮೀನುದಾರ ಮನೆತನದ, ಯಜಮಾನರು ಕೈಮುಗಿದು ನಿಲ್ಲುತ್ತಾರೆ. ದೈವ ಅವರ ಮನೆತನದ ಹೆಸರೆತ್ತಿ ಕರೆಯುತ್ತದೆ, ನುಡಿ ಕೊಡುತ್ತದೆ, ತಪ್ಪಿದ್ದರೆ ಗದರಿಸುತ್ತದೆ, ಗಡಿ ತಕರಾರಿನಿಂದ ಹಿಡಿದು ಅಣ್ಣತಮ್ಮಂದಿರ ಜಗಳದವರೆಗೆ ತೀರ್ಪು ಹೇಳುತ್ತದೆ. ಬೆಳಗಾಗಿ ಬಣ್ಣ ತೆಗೆದ ಮೇಲೆ ಅದೇ ಮನುಷ್ಯ ಅದೇ ಮನೆಯ ಯಾವ ಮೆಟ್ಟಿಲವರೆಗೆ ಬರಬಹುದು ಎಂಬುದನ್ನು ಬಹುಕಾಲ ಅವನ ಜಾತಿ ನಿರ್ಧರಿಸುತ್ತಿತ್ತು.

ಒಂದು ರಾತ್ರಿಯ ಮಟ್ಟಿಗೆ ಮೇಲುಕೀಳು ತಲೆಕೆಳಗಾಗುವ ಈ ಏರ್ಪಾಡನ್ನು ಹೇಗೆ ಓದಬೇಕು? ತುಳಿತಕ್ಕೊಳಗಾದವರ ಸಿಟ್ಟಿಗೆ ಸಿಕ್ಕ ದಾರಿ ಇದು ಎನ್ನುವವರಿದ್ದಾರೆ. ಸಿಟ್ಟನ್ನು ಹೀಗೆ ಒಂದು ರಾತ್ರಿಗೆ ಕಟ್ಟಿಹಾಕಿ, ಉಳಿದ ದಿನಗಳ ವ್ಯವಸ್ಥೆಯನ್ನು ಭದ್ರ ಮಾಡುವ ಉಪಾಯ ಇದು ಎಂಬ ವಾದವೂ ಇದೆ. ಎರಡರಲ್ಲೂ ಹುರುಳಿದೆ. ಆದರೆ ಹಲವು ದೈವಗಳ ಕತೆಯನ್ನೇ ನೋಡಿದರೆ ಮೊದಲನೆಯ ವಾದಕ್ಕೆ ತೂಕ ಹೆಚ್ಚು. ಅನ್ಯಾಯವಾಗಿ ಸತ್ತವರು, ಮಾತಿಗೆ ತಪ್ಪಿದ ಅರಸರನ್ನು ಎದುರಿಸಿದವರು, ದುಡಿದು ಸೋತವರು ಕಾಯ ಬಿಟ್ಟು ಮಾಯ ಸೇರಿದ ಮೇಲೆ ದೈವವಾದದ್ದು ತುಳುನಾಡಿನ ಪಾಡ್ದನಗಳಲ್ಲಿ ಮತ್ತೆ ಮತ್ತೆ ಬರುವ ಸಂಗತಿ. ಚಿನ್ನಪ್ಪ ಗೌಡರ ‘ಭೂತಾರಾಧನೆ: ಜಾನಪದೀಯ ಅಧ್ಯಯನ’ ಈ ಚರ್ಚೆಗೆ ಕನ್ನಡದಲ್ಲಿ ಗಟ್ಟಿ ನೆಲ ಹಾಕಿದ ಪುಸ್ತಕ.

ನೇಮದ ಇನ್ನೊಂದು ಬೇರು ಜಮೀನಿನಲ್ಲಿದೆ. ಗುತ್ತುಗಳಿಗೆ ಗೇಣಿ ಬರುತ್ತಿದ್ದ ಕಾಲದಲ್ಲಿ ಆ ಉತ್ಪತ್ತಿಯಿಂದ ಕೋಲ ನಡೆಯುತ್ತಿತ್ತು. ಭೂಸುಧಾರಣೆಯ ತಿದ್ದುಪಡಿ ಕಾಯ್ದೆ 1974ರಲ್ಲಿ ಜಾರಿಗೆ ಬಂದು ಉಳುವವನೇ ಒಡೆಯನಾದ. ಕಾಯ್ದೆಯ ಲಾಭ ಹೆಚ್ಚಾಗಿ ಸಿಕ್ಕ ಜಿಲ್ಲೆಗಳಲ್ಲಿ ದಕ್ಷಿಣ ಕನ್ನಡವೂ ಒಂದು. ಆಮೇಲೆ ಎಷ್ಟೋ ದೈವಸ್ಥಾನಗಳ ಯಜಮಾನಿಕೆ ಸಮಿತಿಗಳ ಕೈಗೆ ಬಂತು; ಖರ್ಚಿಗೆ ರಸೀದಿ ಪುಸ್ತಕ ಹಿಡಿದು ಮನೆಮನೆಗೆ, ಮುಂಬಯಿಗೆ, ಕೊಲ್ಲಿ ದೇಶಗಳಿಗೆ ಹೋಗುವ ರೂಢಿ ಬೆಳೆಯಿತು. ಗುಡಿ ದೊಡ್ಡದಾಯಿತು, ಬ್ರಹ್ಮಕಲಶದ ಆಮಂತ್ರಣ ಪತ್ರ ಉದ್ದವಾಯಿತು.

ಜಪಾನಿನ ಮಾನವಶಾಸ್ತ್ರಜ್ಞೆ ಮಿಹೋ ಇಶಿಯಿ ಈ ಬದಲಾವಣೆಗಳನ್ನು ಮಂಗಳೂರಿನ ಹೊರವಲಯದ ಪೆರಾರದಲ್ಲಿ ನಿಂತು ನೋಡಿದರು. ಗುತ್ತಿನ ಮನೆಗಳು, ಭೂನ್ಯಾಯ ಮಂಡಳಿಯ ವ್ಯಾಜ್ಯಗಳು, ದೈವದ ಚಾಕರಿಯ ಹಕ್ಕುಬಾಧ್ಯತೆಗಳು ಹೇಗೆ ಹೆಣೆದುಕೊಂಡಿವೆ ಎಂಬುದನ್ನು ಅವರ 2019ರ ಪುಸ್ತಕ ಬಿಡಿಸಿ ಹೇಳುತ್ತದೆ. ಅದರ ಕೊನೆಯ ಭಾಗ ಇನ್ನೂ ಹತ್ತಿರದ ವಿಷಯಕ್ಕೆ ಬರುತ್ತದೆ. ಬಜ್ಪೆ, ಪೆರ್ಮುದೆ, ಕಳವಾರು ಕಡೆಯ ಜಮೀನು ಮಂಗಳೂರು ವಿಶೇಷ ಆರ್ಥಿಕ ವಲಯಕ್ಕೆ ಹೋದಾಗ ಮನೆಗಳಿಗೆ ಪರಿಹಾರ ಲೆಕ್ಕ ಹಾಕಬಹುದಾಗಿತ್ತು. ದೈವದ ಸ್ಥಾನಕ್ಕೆ, ನಾಗಬನಕ್ಕೆ ಹೇಗೆ ಲೆಕ್ಕ ಹಾಕುವುದು? ಜಾಗ ಬಿಟ್ಟವರಿಗೆ ಅಲ್ಲಿಯ ದೈವದ ಜೊತೆಗಿನ ನಂಟು ಬಿಡಲಿಲ್ಲ. ಅಧಿಕಾರಿಗಳಿಗೂ ಅದನ್ನು ಕಡೆಗಣಿಸಲು ಆಗಲಿಲ್ಲ. ದೈವವನ್ನು ಊರಿನ ಹಕ್ಕುಪತ್ರದ ಹಾಗೆ ಜನ ಹಿಡಿದುಕೊಂಡದ್ದನ್ನು ಬರಿಯ ಮೂಢನಂಬಿಕೆ ಎಂದು ತಳ್ಳಿಹಾಕಲಾಗದು ಎಂಬುದು ಇಂಥ ಅಧ್ಯಯನದಿಂದ ತಿಳಿಯುತ್ತದೆ. ಪರಿಸರ ಹೋರಾಟದ ಚರಿತ್ರೆ ಬರೆಯುವವರು ನೇಮದ ನುಡಿಗಟ್ಟನ್ನೂ ಓದಬೇಕಾದ ಜಿಲ್ಲೆ ಇದು.

ಜಾತಿಯ ಪ್ರಶ್ನೆ ಅತ್ಯಂತ ಕಟುವಾಗಿ ಎದುರಾಗುವುದು ಕೊರಗರ ವಿಷಯದಲ್ಲಿ. ಬುಟ್ಟಿ ನೇಯುವ, ಡೋಲು ಬಾರಿಸುವ ಈ ಆದಿವಾಸಿ ಸಮುದಾಯ ವಿಶೇಷ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿದೆ. ಊರಿನ ಜಾತ್ರೆ, ಕಂಬಳ, ನೇಮ ಎಲ್ಲದಕ್ಕೂ ಡೋಲು ಬೇಕು. ಬಾರಿಸುವವರು ಮಾತ್ರ ದೂರ ನಿಲ್ಲಬೇಕಿತ್ತು. ಕಂಬಳಕ್ಕೆ ಮೊದಲು ಅವರನ್ನು ಕೋಣಗಳ ಹಾಗೆ ಗದ್ದೆಯಲ್ಲಿ ಓಡಿಸುವುದು, ಕೂದಲು-ಉಗುರು ಬೆರೆಸಿದ ಅನ್ನ ತಿನ್ನಿಸಿ ತಮ್ಮ ಮನೆಯ ರೋಗ ಅವರ ಮೈಗೆ ದಾಟಿತೆಂದು ನಂಬುವುದು ಅಜಲು ಪದ್ಧತಿಯ ಭಾಗವಾಗಿತ್ತು. ಕರ್ನಾಟಕ ಸರ್ಕಾರ 2000ದಲ್ಲಿ ಅಜಲು ನಿಷೇಧಕ್ಕೆಂದೇ ಪ್ರತ್ಯೇಕ ಕಾಯ್ದೆ ಮಾಡಿತು. ಕೂಲಿ ಕೊಡದೆ ಅಥವಾ ಕಡಿಮೆ ಕೂಲಿಗೆ ಕೊರಗರನ್ನು ದುಡಿಸಿಕೊಳ್ಳುವುದನ್ನೂ ಅದು ಅಪರಾಧದ ಪಟ್ಟಿಗೆ ಸೇರಿಸಿತು. ಕಲೆ ಎಂದು ಹೊರಗಿನವರು ಮೆಚ್ಚುವ ಒಂದು ವಾದನ ಒಳಗಿನವರಿಗೆ ಬಿಟ್ಟಿ ಚಾಕರಿಯಾಗಿರಬಹುದು ಎಂಬ ಎಚ್ಚರವನ್ನು ಸಂಶೋಧಕರಿಗೆ ಕಲಿಸಿದ್ದು ಈ ಕಾಯ್ದೆಯ ಹಿಂದಿನ ಹೋರಾಟ. ಸಮುದಾಯದ ಯುವಕರು ಈಗ ಅದೇ ಡೋಲನ್ನು ತಮ್ಮದೇ ತಂಡ ಕಟ್ಟಿ, ತಮ್ಮದೇ ದರ ಹೇಳಿ, ವೇದಿಕೆಯ ಮೇಲೆ ನಿಂತು ಬಾರಿಸಿದರೆ ಅದು ಬೇರೆಯೇ ಪ್ರದರ್ಶನ. ಕೇಳಿಸುವ ತಾಳ ಅದೇ ಇರಬಹುದು.

ಇದಕ್ಕೆ ತಾಗಿಕೊಂಡ ಇನ್ನೊಂದು ಸಂಗತಿಯಿದೆ. ಅಷ್ಟಮಿ, ದಸರೆಯ ಸಮಯದಲ್ಲಿ ಮೈಗೆ ಕರಿ ಬಳಿದುಕೊಂಡು ‘ಕೊರಗ ವೇಷ’ ಹಾಕಿ ಮನೆಮನೆಗೆ ಹೋಗುವ ರೂಢಿ ಕರಾವಳಿಯಲ್ಲಿತ್ತು. ಹರಕೆ ಎಂದು ಹಾಕಿದವರೂ ಇದ್ದರು, ತಮಾಷೆಗೆಂದು ಹಾಕಿದವರೂ ಇದ್ದರು. ಕೊರಗ ಸಂಘಟನೆಗಳು ಇದು ತಮ್ಮ ಮಾನಹಾನಿ ಎಂದು ಎದ್ದುನಿಂತ ಮೇಲೆ ಆಡಳಿತ ಅದಕ್ಕೆ ತಡೆ ಹಾಕಿತು. ಮತ್ತೊಂದು ಕಡೆ, ಕೊರಗ ತನಿಯ ಎಂಬ ಯುವಕ ದೈವವಾಗಿ, ಕೊರಗಜ್ಜನಾಗಿ, ಇಂದು ಎಲ್ಲ ಜಾತಿಯವರ ಹರಕೆಯ ಗುರಿ. ಕಳೆದ ಒಡವೆ ಸಿಗಲಿ, ಕೆಲಸ ಸಿಗಲಿ ಎಂದು ಕುತ್ತಾರಿನ ಕಟ್ಟೆಗೆ ಚಕ್ಕುಲಿ, ಬೀಡ, ಕಳ್ಳು ಒಯ್ಯುವವರಿಗೆ ಲೆಕ್ಕವಿಲ್ಲ. ಅಜ್ಜನಿಗೆ ಕೈಮುಗಿಯುವ ಊರು ಅಜ್ಜನ ಕುಲದವರಿಗೆ ಬಾಡಿಗೆ ಮನೆ ಕೊಡಲು ಹಿಂಜರಿಯುತ್ತದೆಯೇ ಎಂದು ಕೇಳುವುದು ಕೂಡ ಪ್ರದರ್ಶನ ಅಧ್ಯಯನದ ಕೆಲಸವೇ.

ಹೆಣ್ಣಿನ ಬಾಳಿನ ಪ್ರಶ್ನೆಗೆ ಸಿರಿಜಾತ್ರೆಯಷ್ಟು ದೊಡ್ಡ ಆಕರ ಇನ್ನೊಂದಿಲ್ಲ. ಸಿರಿಯ ಪಾಡ್ದನದ ಕತೆಯನ್ನು ಚಿಕ್ಕದಾಗಿ ಹೇಳಬಹುದು: ಸತ್ಯನಾಪುರದ ಸಿರಿಯನ್ನು ಬಸ್ರೂರಿನ ಕಾಂತಪೂಂಜ ಮದುವೆಯಾಗುತ್ತಾನೆ. ಬಸುರಿ ಹೆಂಡತಿಯ ಬಯಕೆಗೆಂದು ತಂದ ಸೀರೆಯನ್ನು ಅವನು ಮೊದಲು ಬೇರೊಬ್ಬಳಿಗೆ ಉಡಿಸುತ್ತಾನೆ. ಸಿರಿ ಆ ಸೀರೆ ಮುಟ್ಟುವುದಿಲ್ಲ. ಅಜ್ಜನ ಅರಮನೆಯ ಹಕ್ಕಿಗೆ ಹೋರಾಡುತ್ತಾಳೆ, ಗಂಡನಿಗೆ ಬರ ಹೇಳಿ ಸಂಬಂಧ ಕಡಿದುಕೊಂಡು ಮಗ ಕುಮಾರನೊಂದಿಗೆ ಹೊರಟುಹೋಗುತ್ತಾಳೆ, ಆಮೇಲೆ ಇನ್ನೊಂದು ಮದುವೆಯಾಗುತ್ತಾಳೆ. ಮುಂದೆ ಅವಳ ಮಗಳು ಸೊನ್ನೆಗೆ ಹುಟ್ಟಿದ ಅಬ್ಬಗ-ದಾರಗ ಎಂಬ ಅವಳಿ ಸೋದರಿಯರು ಚೆನ್ನೆಮಣೆ ಆಟದಲ್ಲಿ ಜಗಳಾಡಿ ಸಾಯುತ್ತಾರೆ. ಕವತ್ತಾರು, ನಂದಳಿಕೆ ಮೊದಲಾದ ಆಲಡೆಗಳ, ಅಂದರೆ ಸಿರಿಯ ಆರಾಧನೆಯ ಸ್ಥಳಗಳ, ಜಾತ್ರೆಯಲ್ಲಿ ನೂರಾರು ಹೆಂಗಸರು ಬಿಳಿಸೀರೆ ಉಟ್ಟು, ಕೈಯಲ್ಲಿ ಹಿಂಗಾರ ಹಿಡಿದು, ನಾನು ಸಿರಿ, ನಾನು ಸೊನ್ನೆ, ನಾನು ದಾರಗ ಎಂದು ಆವೇಶದಲ್ಲಿ ನುಡಿಯುತ್ತಾರೆ. ಕುಮಾರನ ಪಾತ್ರಿಯಾದ ಗಂಡಸು ಅವರನ್ನು ಮಾತಾಡಿಸಿ, ಬಂದಿರುವುದು ಯಾರೆಂದು ಕೇಳಿ, ಸಮಾಧಾನ ಹೇಳುತ್ತಾನೆ.

ಅಮೆರಿಕದ ಪೀಟರ್ ಜೆ. ಕ್ಲಾಸ್ 1975ರಲ್ಲೇ ಈ ಸಾಮೂಹಿಕ ಆವೇಶದ ಬಗ್ಗೆ ಬರೆದರು. ಮದುವೆಯಾಗಿ ಹೋದ ಮನೆಯ ಕಿರುಕುಳ, ತವರಿನ ಪಾಲಿನ ತಕರಾರು, ಬಸುರಿ-ಬಾಣಂತಿಯ ಸಂಕಟಗಳಿಗೂ ಜಾತ್ರೆಯಲ್ಲಿ ಆಡುವ ಮಾತಿಗೂ ಇರುವ ನಂಟು ಆಗಿನಿಂದ ಚರ್ಚೆಯಲ್ಲಿದೆ. ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನ ಕಟ್ಟು ಕಾನೂನುಗಳಿಂದ ಸಡಿಲವಾಗುತ್ತ ಬಂದ ಕಾಲ ಅದು ಎಂಬುದನ್ನೂ ನೆನಪಿಡಬೇಕು. ಮನೆಯಲ್ಲಿ ಹೇಳಲಾಗದ್ದನ್ನು ಗಂಡ, ಅತ್ತೆ, ಅಣ್ಣ ಎಲ್ಲರ ಎದುರಿಗೆ ದನಿಯೆತ್ತಿ ಹೇಳುವ ಅವಕಾಶ ವರ್ಷಕ್ಕೊಂದು ರಾತ್ರಿ ಸಿಗುತ್ತದೆ, ಕೇಳುವವರೂ ತಲೆಬಾಗಿ ಕೇಳುತ್ತಾರೆ. ಇದನ್ನು ಕಾಯಿಲೆ ಎಂದು ಬಗೆದವರು ವಿಷಯದ ಅರ್ಧವನ್ನಷ್ಟೇ ಕಂಡಿದ್ದಾರೆ.

ಸಿರಿಯ ಕತೆಯ ದಾಖಲಾತಿಯೇ ಒಂದು ದೊಡ್ಡ ಕೆಲಸವಾಯಿತು. ಉಜಿರೆ ಬಳಿಯ ಮಾಚಾರಿನ ಕೃಷಿಕ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಹಾಡಿದ ಪಾಠವನ್ನು ಫಿನ್ಲೆಂಡಿನ ಲೌರಿ ಹಾಂಕೊ, ಅವರ ಪತ್ನಿ ಅನ್ನೇಲಿ, ವಿವೇಕ ರೈ, ಚಿನ್ನಪ್ಪ ಗೌಡ ಸೇರಿ 1998ರಲ್ಲಿ ಪ್ರಕಟಿಸಿದರು. ಒಟ್ಟು 15,683 ಸಾಲು. ಗ್ರೀಕರ ‘ಇಲಿಯಡ್’ಗಿಂತ ಹತ್ತೇ ಹತ್ತು ಸಾಲು ಕಡಿಮೆ. ಪುಸ್ತಕದ ಹೆಸರಿನಲ್ಲೇ ಹಾಡಿದವರ ಹೆಸರನ್ನೂ ಸೇರಿಸಿದ್ದು ಮೆನ್ನರ್ ಕಾಲದಿಂದ ಸಂಶೋಧನೆ ಎಷ್ಟು ದೂರ ಬಂತು ಎಂಬುದಕ್ಕೆ ಸಾಕ್ಷಿ.

ಯಕ್ಷಗಾನದಲ್ಲಿ ಪ್ರಶ್ನೆಗಳು ಬೇರೆ ಬಗೆಯವು. ಗಂಡಸರೇ ಹೆಣ್ಣಿನ ವೇಷ ಕಟ್ಟುವ ಈ ರಂಗದಲ್ಲಿ ಮಧೂರಿನಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರು ವೃತ್ತಿಮೇಳಗಳ ಭಾಗವತರಾಗಿ ಇಡೀ ರಾತ್ರಿ ಹಾಡಿದರು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಇಂದು ಮಹಿಳಾ ತಂಡಗಳು ಬೇಕಾದಷ್ಟಿವೆ, ಶಾಲೆಗಳಲ್ಲಿ ಕಲಿಯುವವರಲ್ಲಿ ಹೆಣ್ಣುಮಕ್ಕಳು ಬಹಳ. ಆದರೂ ವೃತ್ತಿಮೇಳದ ತಿರುಗಾಟಕ್ಕೆ ಹೆಣ್ಣು ಇನ್ನೂ ಅಪರೂಪ. ವೇಷ ಕಟ್ಟುವ ಚೌಕಿಯಲ್ಲಿ ಬಟ್ಟೆ ಬದಲಿಸುವ ಜಾಗದಿಂದ ಹಿಡಿದು ರಾತ್ರಿ ಪಯಣದವರೆಗೆ ಎಲ್ಲವೂ ಗಂಡಸರನ್ನು ಕಣ್ಣಮುಂದಿಟ್ಟು ಮಾಡಿದ ಏರ್ಪಾಡು.

ಸೌಹಾರ್ದದ ಮಾತಿಗೂ ಈ ರಂಗದಲ್ಲಿ ಹಳೆಯ ನೆಲೆಯುಂಟು. ಮುಲ್ಕಿಯ ಬಪ್ಪನಾಡು ದುರ್ಗೆಯ ಕ್ಷೇತ್ರ ಮಹಾತ್ಮೆಯಲ್ಲಿ ಗುಡಿ ಕಟ್ಟಿಸುವವನು ಬಪ್ಪಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿ. ಶೇಣಿ ಗೋಪಾಲಕೃಷ್ಣ ಭಟ್ಟರ ಬಪ್ಪಬ್ಯಾರಿ ಪಾತ್ರವನ್ನು ಹಳೆಯ ಪ್ರೇಕ್ಷಕರು ಈಗಲೂ ಮೆಲುಕು ಹಾಕುತ್ತಾರೆ. ಇಂದಿನ ತಾಳಮದ್ದಳೆಯ ಹೆಸರಾಂತ ಅರ್ಥಧಾರಿಗಳಲ್ಲಿ ಜಬ್ಬಾರ್ ಸಮೋ ಒಬ್ಬರು. ಕೋಮು ಗಲಭೆಗೆ ಹೆಸರಾದ ಊರಿನಲ್ಲಿ ಇವು ದಾಖಲಾಗಬೇಕಾದ ಸಂಗತಿಗಳು. ಆದರೆ ಇವನ್ನು ತೋರಿಸಿ ಎಲ್ಲವೂ ಸರಿಯಿದೆ ಎನ್ನುವ ಬರಹಗಳಿಂದ ಪ್ರಯೋಜನವಿಲ್ಲ.

ಕಲಾವಿದರ ಹೊಟ್ಟೆಪಾಡಿನ ವಿಚಾರ ಮಾತ್ರ ಬಹಳ ಕಾಲ ಹಿಂದೆಯೇ ಉಳಿಯಿತು. ಮೇಳಗಳ ತಿರುಗಾಟ ದೀಪಾವಳಿಯ ನಂತರ ಶುರುವಾಗಿ ಮೇ ಕೊನೆಯ ಪತ್ತನಾಜೆಗೆ ಮುಗಿಯುತ್ತದೆ. ಮಳೆಗಾಲದಲ್ಲಿ ಹಲವರಿಗೆ ಬೇರೆ ದುಡಿಮೆ ಹುಡುಕಬೇಕು. 2020ರ ಮಾರ್ಚಿನಲ್ಲಿ ಕೊರೊನಾದಿಂದ ಮೇಳಗಳು ನಡುದಾರಿಯಲ್ಲಿ ನಿಂತಾಗ ಕಲಾವಿದರ ಮನೆಗಳ ಸ್ಥಿತಿ ಎಲ್ಲರ ಕಣ್ಣಿಗೆ ಬಿತ್ತು. ಭಾಗವತ ಪಟ್ಲ ಸತೀಶ ಶೆಟ್ಟರ ಯಕ್ಷಧ್ರುವ ಪ್ರತಿಷ್ಠಾನದಂಥ ಸಂಸ್ಥೆಗಳು ನೆರವಿಗೆ ಬಂದವು. 2022ರಲ್ಲಿ ರಾತ್ರಿ ಧ್ವನಿವರ್ಧಕದ ನಿಯಮದ ಕಾರಣದಿಂದ ಕಟೀಲು ಮೇಳಗಳ ಆಟ ಕಾಲಮಿತಿಗೆ ಬಂದಾಗ ಇಡೀ ರಾತ್ರಿಯ ಆಟ ಬೇಕೆಂದು ಭಕ್ತರು ಪಾದಯಾತ್ರೆ ಮಾಡಿದರು. ನಡುರಾತ್ರಿ ದಾಟಿದ ಮೇಲೆ ಬರುವ ಬಣ್ಣದ ವೇಷದ ಕಳೆ ಸಂಜೆಗೆ ಬಾರದು ಎಂಬುದು ನಿಜ. ಆರು ತಿಂಗಳು ನಿದ್ದೆಗೆಟ್ಟು ಕುಣಿಯುವ ಮೈಗೆ ಕಾಲಮಿತಿ ಒಂದು ವರವಾಗಬಹುದು ಎಂಬುದೂ ನಿಜವೇ. ಈ ಎರಡನೆಯ ಮಾತು ಚರ್ಚೆಯಲ್ಲಿ ಕೇಳಿಸಿದ್ದು ಕಡಿಮೆ.

ಆಧುನಿಕ ನಾಟಕ ಸಮಾಜದ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡೇ ಬಂತು. 1975ರಲ್ಲಿ ಆರಂಭವಾದ ಸಮುದಾಯ ತಂಡ ಬೀದಿನಾಟಕಗಳನ್ನು, ಜಾಥಾಗಳನ್ನು ರಾಜ್ಯದ ಉದ್ದಗಲಕ್ಕೆ ಒಯ್ದಿತು. ಕರಾವಳಿಯಲ್ಲೂ ಅದರ ಶಾಖೆಗಳು ಕೆಲಸ ಮಾಡಿದವು. ಬ್ರೆಜಿಲಿನ ಆಗಸ್ಟೊ ಬೋಲ್ 1970ರ ದಶಕದಲ್ಲಿ ರೂಪಿಸಿದ ಪದ್ಧತಿಯಲ್ಲಿ ನೋಡುವವನೇ ಎದ್ದುಬಂದು ಪಾತ್ರ ವಹಿಸಿ, ಕತೆಯ ದಾರಿ ಬದಲಿಸಬಹುದು. ಎದುರಾಳಿಗೆ ಅಲ್ಲೇ ಉತ್ತರ ಕೊಟ್ಟು ವಾದ ಬೆಳೆಸುವ ತಾಳಮದ್ದಳೆಯ ಊರಿನಲ್ಲಿ ಈ ಪದ್ಧತಿ ಒಗ್ಗಿಕೊಳ್ಳಬೇಕಿತ್ತು, ಆದರೆ ಯಾಕೋ ಅಷ್ಟಾಗಿ ಬೇರೂರಿಲ್ಲ. ತುಳು ರಂಗಭೂಮಿಯ ಬಲ ನಗೆಯಲ್ಲಿದೆ. ಕುಡಿತ, ವರದಕ್ಷಿಣೆ, ಮುಂಬಯಿ-ಗಲ್ಫಿನ ದುಡ್ಡು, ಮುದುಕರನ್ನು ಬಿಟ್ಟುಹೋದ ಮನೆ, ಇವೆಲ್ಲ ಅದರ ಹಾಸ್ಯದ ಸರಕು. ವಿಮರ್ಶಕರು ಇದನ್ನು ಹಗುರವೆಂದು ಬದಿಗಿಟ್ಟದ್ದು ತಪ್ಪು. ಮಧ್ಯಮವರ್ಗದ ಮಂಗಳೂರು ತನ್ನ ಬಗ್ಗೆ ತಾನೇ ಏನು ಅಂದುಕೊಂಡಿದೆ ಎಂದು ತಿಳಿಯಲು ಈ ನಾಟಕಗಳಷ್ಟು ಒಳ್ಳೆಯ ದಾಖಲೆ ಬೇರೆ ಇಲ್ಲ.

2020ರಲ್ಲಿ ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರ ದೈವದ ಕತೆಯ ನಾಟಕ ‘ಶಿವದೂತೆ ಗುಳಿಗೆ’ ರಂಗಕ್ಕೆ ಬಂತು, 2022ರ ಸೆಪ್ಟೆಂಬರ್ 30ರಂದು ದೈವದ ಸುತ್ತ ಹೆಣೆದ ಸಿನಿಮಾ ‘ಕಾಂತಾರ’ ತೆರೆಗೆ ಬಂತು. ದೈವವನ್ನು ಸ್ಥಾನದ ಹೊರಗೆ ತರಬಹುದೇ ಎಂಬ ಹಳೆಯ ಪ್ರಶ್ನೆ ಆಗ ಊರ ಜಗಳವಾಯಿತು. ಶಾಲಾ ವಾರ್ಷಿಕೋತ್ಸವ, ಮದುವೆ, ಮೆರವಣಿಗೆಗಳಲ್ಲಿ ದೈವದ ಅನುಕರಣೆ ಹೆಚ್ಚಿತು. ಹಲವು ಸ್ಥಾನಗಳು ಮೊಬೈಲ್ ಚಿತ್ರೀಕರಣ ನಿಷೇಧದ ಫಲಕ ಹಾಕಿದವು. ಅದೇ ವರ್ಷದ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ 60 ದಾಟಿದ ದೈವ ನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಪ್ರಕಟಿಸಿತು. ಸಿನಿಮಾ ಬಾರದೇ ಇದ್ದರೆ ಈ ಹಣ ಬರುತ್ತಿತ್ತೇ ಎಂಬುದು ಅನುಮಾನ.

ಈ ಜಗಳದಲ್ಲಿ ಸಂಶೋಧಕರಿಗೂ ಒಂದು ಪಾಲು ಉಂಟು. ಪಾಡ್ದನ ಧ್ವನಿಮುದ್ರಿಸಿ, ಕೋಲದ ಚಿತ್ರ ತೆಗೆದು, ಪದವಿ ಪಡೆದು ಹೋದವರಲ್ಲಿ ಹಾಡಿದ ಮನೆಗೆ ಒಂದು ಪ್ರತಿ ಮುಟ್ಟಿಸಿದವರು ಎಷ್ಟು ಮಂದಿ? ದೈವ ಕಟ್ಟುವ ಕುಟುಂಬಗಳಿಂದ ಈಗ ಪದವೀಧರರು ಬರುತ್ತಿದ್ದಾರೆ, ತಮ್ಮ ಕುಲಕಸುಬಿನ ಬಗ್ಗೆ ತಾವೇ ಬರೆಯುತ್ತಿದ್ದಾರೆ. ಮಂಗಳೂರು ವಿಶ್ವವಿದ್ಯಾನಿಲಯ, ತುಳು ಸಾಹಿತ್ಯ ಅಕಾಡೆಮಿ, ಯಕ್ಷಗಾನ ಅಕಾಡೆಮಿ ಸಂಶೋಧನೆಗೆ ಹಣ ಕೊಡುವಾಗ ಅವರಿಗೆ ಮೊದಲ ಅವಕಾಶ ಕೊಡಲಿ. ಜೊತೆಗೆ, ವೇಷ ಕಟ್ಟುವವರ ಸಂಬಳ, ಆರೋಗ್ಯ, ವಿಮೆಗಳ ಲೆಕ್ಕವನ್ನು ಊರೂರಿನಿಂದ ಬರೆಸಲಿ. ಪಾಡ್ದನಗಳು ಬೇಕಾದಷ್ಟು ಸಂಗ್ರಹವಾಗಿವೆ. ಈ ಲೆಕ್ಕ ಬರೆಯುವ ಕೆಲಸ ಮಾತ್ರ ಬಾಕಿ ಇದೆ.